ಗಿಂಡಿ ಹಿಡಿಯಬೇಕಿದ್ದ ಕೈ

ನಿನ್ನೆ, ಭಾನುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಧಾರೆಯ ಮುಹೂರ್ತ ಅದೇ ಅಲ್ವಾ ದೇವದಾಸಣ್ಣ? ಅಲ್ಲಿಂದಲೇ ಹೇಳ್ತೇನೆ. ಕ್ರಮವಾಗಿ ಹೇಳದಿದ್ದರೆ ನನಗೆ ಹೇಳಲಿಕ್ಕೇ ಬರುವುದಿಲ್ಲ... ಇಲ್ಲ, ಇಲ್ಲ, ಒಳಗೆ ಬೇಡ. ಇಲ್ಲೇ ಜಗಲಿಯಲ್ಲಿ ಕೂತುಕೊಳ್ತೇನೆ. ಚಾ ಕೂಡ ಬೇಡ. ಮೋಹಿನಿ ಅಕ್ಕನನ್ನು ಎಬ್ಬಿಸಬೇಡಿ, ಮಗಳ ಮದುವೆ ಮುಗಿಸಿದ ಆಯಾಸ, ಮಲಗಲಿ. ಅವರ ಮುಖ ನೋಡುವ ಧೈರ್ಯವೂ ನನಗಿಲ್ಲ.

ಎಂತ? ತುಳುವಿನಲ್ಲಾ? ನನ್ನ ತುಳು ನಿಮಗೆ ಗೊತ್ತುಂಟಲ್ಲ. ಶಿರ್ವದವಳಾದರೂ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇವತ್ತು ಒಂದು ಮಾತೂ ತಪ್ಪಬಾರದು. ಕನ್ನಡದಲ್ಲೇ ಹೇಳ್ತೇನೆ.

ಮತ್ತೆ, ಡಾಕ್ಟರಮ್ಮ ಅನ್ನಬೇಡಿ. ಮೊದಲ ದಿನದಿಂದ ಹೇಳ್ತಾ ಇದ್ದೇನೆ. ಜೆನಿಟಾ ಅನ್ನಿ ಸಾಕು. ಗಣಿತದಲ್ಲಿ ಎಂ.ಎಸ್ಸಿ., ಮಣಿಪಾಲದ ಒಂದು ಸಣ್ಣ ಲ್ಯಾಬಿನಲ್ಲಿ ಕೃತಕ ಕೈಕಾಲುಗಳ ಅಳತೆ ತೆಗೆಯುವವಳು. ಅಷ್ಟೆ. ನಿನ್ನೆ ಮದುವೆ ಹಾಲಿನಲ್ಲಿ ನೀವು ನಿಮ್ಮ ಬೀಗರಿಗೆ, "ಇವರೇ ನನಗೆ ಬಲಗೈ ಮಾಡಿಕೊಟ್ಟ ಡಾಕ್ಟರು" ಅಂದಿರಲ್ಲ... ಕೈಯ ಪೆಟ್ಟಿಗೆ ಬಿಚ್ಚುವ ಮೊದಲು... ಆ ಮಾತು ಇನ್ನೂ ಕಿವಿಯಲ್ಲಿ ಉಂಟು.

ಯಾಕೆ ನಗ್ತೀರಿ?

ಎಲ್ಲಿ? ಅಯ್ಯೋ ದೇವರೇ... ಕಿಟಕಿಯ ಮೇಲೆ... ಟಾರ್ಚ್ ಹಿಡಿಸಿದ್ದೀರಾ ಆ ಕೈಗೆ? ಕರೆಂಟ್ ಹೋದಾಗ ಹುಡುಕಬೇಕಾಗಿಲ್ಲ ಅಂತಲಾ? ಸರಿ, ಸರಿ... ಟಾರ್ಚ್ ಸರಿಯಾಗಿ ಕೂತಿದೆ. ಕೂರಲೇಬೇಕು. ಗಿಂಡಿಯ ಕುತ್ತಿಗೆಯ ಅಳತೆಗೆ ಬೆರಳು ಬಗ್ಗಿಸಿದ್ದು ನಾನೇ ಅಲ್ವಾ.

ನಗಬೇಡಿ ದೇವದಾಸಣ್ಣ. ನೀವು ಬೈದರೆ ತಡೆದುಕೊಳ್ತೇನೆ. ನಗುವುದನ್ನು ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ.

ನಾನು ಬಂದದ್ದು ಅದನ್ನು ತೆಗೆದುಕೊಂಡು ಹೋಗಲಿಕ್ಕೆ. ಸರಿಯಾದದ್ದು ಮಾಡಿ ತಂದುಕೊಡ್ತೇನೆ. ಮತ್ತೆ ಏನು ಆಯ್ತು ಅಂತ ಹೇಳಲಿಕ್ಕೆ. ಆ ಶಲ್ಯ... ಹಗ್ಗದ ಮೇಲೆ ಒಣಗುತ್ತಾ ಉಂಟಲ್ಲ, ಅದು ವಾಪಸ್ ಬೇಡ. ಕುಂಕುಮದ ಕಲೆ ಹೋಗದಿದ್ದರೂ ಚಿಂತೆ ಇಲ್ಲ. ನಿಮಗೇ ಇರಲಿ.

ಹೇಳ್ತೇನೆ. ಕ್ರಮವಾಗಿ.

ನೀವು ಮೊದಲು ಲ್ಯಾಬಿಗೆ ಬಂದದ್ದು ಮೈ ಒರೆಸುವ ಬೈರಾಸಿನಲ್ಲಿ ಗಿಂಡಿ ಸುತ್ತಿಕೊಂಡು. ನೆನಪುಂಟಾ? ಬೇರೆಯವರೆಲ್ಲ ಬರುವಾಗ ಕೈ ಆಡಬೇಕು, ಬೈಕ್ ಓಡಿಸಬೇಕು, ಮೊಬೈಲ್ ಒತ್ತಬೇಕು ಅಂತ ಕೇಳ್ತಾರೆ. ನೀವು ಗಿಂಡಿಯನ್ನು ಮೇಜಿನ ಮೇಲೆ ಇಟ್ಟಿರಿ. "ಬೋಟಿನಲ್ಲಿ ಬಲೆಯ ಹಗ್ಗ ಸುತ್ತುವ ವಿಂಚಿಗೆ ಸಿಕ್ಕಿ ಹೋದ ಕೈ, ಇನ್ನು ಬಲೆ ಎಳೆಯುವುದು ಬೇಡ. ಮೋಕ್ಷಾಳ ಧಾರೆ ಎರೆಯುವ ಹೊತ್ತಿಗೆ ಇದನ್ನು ಬಲಗೈಯಲ್ಲಿ ಹಿಡಿದರೆ ಸಾಕು, ಒಂದೇ ಒಂದು ಸಲ" ಅಂದಿರಿ. ಎಡಗೈಯಲ್ಲಿ ಎರೆದರೆ ಎಂತ ಅಂತ ನಾನು ಕೇಳಿದ್ದಕ್ಕೆ, ಎಡಗೈಯಲ್ಲಿ ನಾಯಿಗೂ ಅನ್ನ ಹಾಕುವುದಿಲ್ಲ, ಮಗಳನ್ನು ಕೊಡುವುದಾ, ಅಂದಿರಿ. ಅಂದು ನಾನು ನಕ್ಕೆ. ಹೌದು, ನಾನು ನಕ್ಕಿದ್ದೆ.

ಆಮೇಲೆ ನಿಮ್ಮ ಎಡಗೈ ತುಂಬ ನೀಲಿ ಪೆನ್ನಿನಲ್ಲಿ ಚುಕ್ಕೆ ಇಟ್ಟೆ. ಉಗುರಿನ ಬುಡ, ಗೆಣ್ಣು, ಬೆರಳ ಸಂದು, ಮಣಿಕಟ್ಟು. ಹೋದ ಕೈಯ ಅಳತೆ ಎಲ್ಲಿಂದ ತರುವುದು? ಇದ್ದ ಕೈಯಿಂದಲೇ ತೆಗೆಯಬೇಕು. ಸ್ಕ್ಯಾನ್ ಮಾಡಿದ ಮೇಲೆ ಪ್ರತಿ ಚುಕ್ಕೆಯಿಂದ ಉಳಿದ ಎಲ್ಲ ಚುಕ್ಕೆಗಳಿಗೆ ಎಷ್ಟು ದೂರ ಅಂತ ಲೆಕ್ಕ ಹಾಕಿದೆ. ನಿಮಗೆ ಬೇಸರ ಬಂತು. "ಎಷ್ಟು ಅಳೀತೀರಿ ಮಾರಾಯ್ರೆ, ಇದು ಕೈಯಾ, ಹೈವೇಯಾ?" ಅಂತ ಕೇಳಿದಿರಿ. ಉಜ್ವಲ್ ಬಾಯಿ ಮುಚ್ಚಿಕೊಂಡು ನಕ್ಕ. ಉಜ್ವಲ್... ಅಚ್ಚು ಹೊಯ್ಯುವ ಹುಡುಗ, ಹಿರಿಯಡ್ಕದವನು. ನಿಮ್ಮ ಚರ್ಮದ ಬಣ್ಣ ಬರುವವರೆಗೆ ಮತ್ತೆ ಮತ್ತೆ ಕಲಸಿದವನು.

ಅಷ್ಟು ಅಳೆಯಲಿಕ್ಕೆ ಒಂದು ಕಾರಣ ಉಂಟು. ಅದನ್ನು ಹೇಳದೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ. ಕೇಳಿಸಿಕೊಳ್ತೀರಾ? ಗಣಿತ ಅಂತ ಹೆದರಬೇಡಿ.

ಗಣಿತದಲ್ಲಿ ಒಂದು ಪ್ರಮೇಯ ಉಂಟು. ಎರಡು ವಸ್ತು ಇಟ್ಟುಕೊಳ್ಳಿ. ಇದರಲ್ಲಿ ಕೆಲವು ಚುಕ್ಕೆ, ಅದರಲ್ಲೂ ಅಷ್ಟೇ ಚುಕ್ಕೆ. ಚುಕ್ಕೆ ಚುಕ್ಕೆಯ ನಡುವಿನ ದೂರ ಎಲ್ಲ ಎರಡರಲ್ಲೂ ಒಂದೇ ಆಗಿದ್ದರೆ, ಒಂದರ ಚುಕ್ಕೆಗಳನ್ನು ಇನ್ನೊಂದರ ಮೇಲೆ ತಂದು ಕೂರಿಸಬಹುದು. ಬರೀ ಚುಕ್ಕೆಗಳನ್ನು ಅಲ್ಲ. ಸುತ್ತಲಿನ ಇಡೀ ಜಾಗವನ್ನೇ, ಒಂದು ದೂರವೂ ಹೆಚ್ಚುಕಮ್ಮಿ ಆಗದ ಹಾಗೆ, ಅದರ ಜೊತೆಗೆ ತರಬಹುದು. ಎಲ್ಲೂ ಹಿಗ್ಗಬೇಕಾಗಿಲ್ಲ, ಎಲ್ಲೂ ಕುಗ್ಗಬೇಕಾಗಿಲ್ಲ. ಪರೀಕ್ಷೆಯಲ್ಲಿ ಇದನ್ನು ಸಾಧಿಸಿ ಬರೆದಿದ್ದೇನೆ. ನನಗೆ ತುಂಬ ಇಷ್ಟದ ಪ್ರಮೇಯ. ಇದ್ದಷ್ಟರ ಅಳತೆ ಸರಿ ಇದ್ದರೆ ಇಲ್ಲದ್ದನ್ನೂ ತುಂಬಿಕೊಳ್ಳಬಹುದು ಅಂತ ಅನ್ನಿಸ್ತಿತ್ತು. ಅದಕ್ಕೇ ಈ ಕೆಲಸಕ್ಕೆ ಸೇರಿದ್ದು.

ನಂಬಿ, ಆ ಪ್ರಮೇಯ ಸುಳ್ಳಲ್ಲ.

ಆದರೆ ಅದರಲ್ಲಿ ಒಂದು ಮಾತು ಉಂಟು. ಕೂರಿಸುವುದು ಅಂದರೆ ಜರುಗಿಸುವುದು ಆಗಬಹುದು, ತಿರುಗಿಸುವುದು ಆಗಬಹುದು... ಕನ್ನಡಿ ಕೂಡ ಆಗಬಹುದು. ಕನ್ನಡಿಯಲ್ಲಿ ಯಾವ ದೂರವೂ ಬದಲಾಗುವುದಿಲ್ಲ ಅಲ್ವಾ? ನಿಮ್ಮ ಮೂಗಿನಿಂದ ಕಿವಿಗೆ ಎಷ್ಟೋ, ಕನ್ನಡಿಯಲ್ಲೂ ಅಷ್ಟೇ. ಎಡ ಬಲ ಮಾತ್ರ ಅದಲು ಬದಲು. ದೂರಕ್ಕೆ ಎಡ ಬಲ ಗೊತ್ತಿಲ್ಲ ದೇವದಾಸಣ್ಣ. ಟೇಪಿಗೆ ಗೊತ್ತಿಲ್ಲ. ಸ್ಕ್ಯಾನರಿಗೆ ಗೊತ್ತಿಲ್ಲ.

ಈ ಆಮಂತ್ರಣ ಪತ್ರಿಕೆ ಕೊಡಿ. ಇದರ ಮೇಲೆ ನನ್ನ ಎಡಗೈ ಇಟ್ಟು, ಸುತ್ತ ಗೆರೆ ಎಳೆದು, ಕತ್ತರಿಸಿದೆ ಅಂತ ಇಟ್ಟುಕೊಳ್ಳಿ. ಕಾಗದದ ಎಡಗೈ. ಮಗುಚಿ ಹಾಕಿದರೆ? ಬಲಗೈ ಆಯ್ತು. ಕಾಗದದಲ್ಲಿ ಅದು ಸುಲಭ, ಎತ್ತಿ ಮಗುಚಲಿಕ್ಕೆ ಮೇಲೆ ಜಾಗ ಉಂಟು. ನಿಜವಾದ ಕೈಯನ್ನು ಹಾಗೆ ಮಗುಚಲಿಕ್ಕೆ ಜಾಗ ಇಲ್ಲ. ಮೆಟ್ಟಿಲ ಹತ್ತಿರ ನಿಮ್ಮ ಚಪ್ಪಲಿ ಉಂಟಲ್ಲ, ಹೇಗೆ ತಿರುಗಿಸಿದರೂ ಎಡದ್ದು ಬಲದ್ದು ಆಗ್ತದಾ? ಇಲ್ಲ. ಎರಡನ್ನೂ ಅಳೆದು ನೋಡಿ, ಅಳತೆ ಒಂದೇ.

ಹೂಂ. ಈಗ ಗೊತ್ತಾಯ್ತಲ್ಲ.

ಎಡಗೈಯ ಸ್ಕ್ಯಾನನ್ನು ಅಚ್ಚಿಗೆ ಕಳಿಸುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡಿ ಮಾಡಬೇಕು. ಒಂದು ಗುಂಡಿ. ಒತ್ತಿದರೆ ಬಲಗೈ, ಒತ್ತದಿದ್ದರೆ... ನಿಮ್ಮ ಕಿಟಕಿಯಲ್ಲಿ ಟಾರ್ಚ್ ಹಿಡಿದದ್ದು. ಅದನ್ನು ಒತ್ತಿರಲಿಲ್ಲ. ಅಚ್ಚಿನಿಂದ ಬಂದ ಕೈಯ ಚುಕ್ಕೆಗಳನ್ನು ನಿಮ್ಮ ಎಡಗೈಯ ಚುಕ್ಕೆಗಳ ಜೊತೆ ಹೋಲಿಸಿದರು... ಹೋಲಿಸಿದೆವು. ಎಲ್ಲ ದೂರ ಸರಿ. ಕೂದಲೆಳೆಯಷ್ಟೂ ತಪ್ಪಿಲ್ಲ.

ಯಾರು ಒತ್ತಬೇಕಿತ್ತು ಅಂತಲಾ?

ಅದು... ಅಚ್ಚಿಗೆ ಕಳಿಸುವ ಕಂಪ್ಯೂಟರ್ ಉಜ್ವಲ್ ಪಕ್ಕದಲ್ಲಿ ಉಂಟು. ಫೈಲು ಅವನ ಮೂಲಕ ಹೋಗ್ತದೆ. ಅವನು ಒಳ್ಳೆಯ ಹುಡುಗ, ಆದರೆ ಅವಸರ. ಯಾರದ್ದು ಅಂತ ಈಗ ಹೇಳಿ ಪ್ರಯೋಜನ ಇಲ್ಲ. ತಪ್ಪು ಲ್ಯಾಬಿನದ್ದು. ಒಟ್ಟು ನಮ್ಮೆಲ್ಲರದ್ದು. ನಾನು ನೋಡಿದ್ದೇ ಹಾಲಿನ ಆ ಚಿಕ್ಕ ಕೋಣೆಯಲ್ಲಿ, ನಿಮ್ಮ ಜೊತೆಗೆ. ನೀವು ನೋಡಿದಾಗಲೇ ನಾನೂ ನೋಡಿದ್ದು.

ಆ ಕೋಣೆ... ತೆಂಗಿನಕಾಯಿ ರಾಶಿ, ಮಡಚಿಟ್ಟ ಕುರ್ಚಿಗಳು. ಹೊರಗೆ ವಾಲಗ. ನೀವು ತೋಳು ಚಾಚಿದಿರಿ. ನಾನು ಕೈ ತೊಡಿಸಿದೆ, ಬೆಲ್ಟ್ ಬಿಗಿದೆ. ನೀವು ನೋಡಿದಿರಿ. ಹೆಬ್ಬೆರಳು ಮೇಲೆ ಬರುವ ಹಾಗೆ ತಿರುಗಿಸಿದರೆ ಅಂಗೈ ಹೊರಗೆ. ಅಂಗೈ ಒಳಗೆ ಬರುವ ಹಾಗೆ ತಿರುಗಿಸಿದರೆ ಹೆಬ್ಬೆರಳು ಕೆಳಗೆ. ನೀವು ಎರಡು ಸಲ ತಿರುಗಿಸಿದಿರಿ. ಆಮೇಲೆ ನಿಮ್ಮ ಎಡಗೈಯನ್ನು ಅದರ ಪಕ್ಕದಲ್ಲಿ ಇಟ್ಟು, ನನ್ನ ಮುಖ ನೋಡಿದಿರಿ. ನಾನು, "ಸ್ವಲ್ಪ ಅಡ್ಜಸ್ಟ್ ಮಾಡುವ, ಯಾರಿಗೂ ಕಾಣುವುದಿಲ್ಲ" ಅಂದೆ. ಅಡ್ಜಸ್ಟ್! ಆ ಶಬ್ದ ನನ್ನ ಬಾಯಿಯಿಂದ ಹೇಗೆ ಬಂತೋ. ಅಷ್ಟರಲ್ಲಿ ಭಟ್ರು ಕರೆದರು. ಯೋಚಿಸಲಿಕ್ಕೆ ಸಮಯ ಇರಲಿಲ್ಲ. ಬ್ಯಾಗಿನಿಂದ ಶಲ್ಯ ತೆಗೆದು ಹೊದೆಸಿದೆ, ಮೊಣಕೈ ಹತ್ತಿರ ಪಿನ್ ಹಾಕಿದೆ, ಹೋಗಿ ಅಂದೆ.

ಉಳಿದದ್ದು ನಾನು ಕಂಬದ ಹಿಂದಿನಿಂದ ನೋಡಿದ್ದೇನೆ. ನಿಮಗೆ ಹೇಳಬೇಕಾಗಿಲ್ಲ... ಇಲ್ಲ, ಹೇಳ್ತೇನೆ. ಬಿಟ್ಟು ಹೇಳಿದರೆ ಮತ್ತೆ ಅದೇ ಆಗ್ತದೆ.

ಅಳಿಯನ ಕೈಯ ಮೇಲೆ ಮೋಕ್ಷಾಳ ಕೈ. ನೀವು ಗಿಂಡಿಯನ್ನು ಎಡಗೈಯಲ್ಲಿ ಎತ್ತಿ ಶಲ್ಯದ ಒಳಗೆ ಬಲಗಡೆ ಕೊಟ್ಟಿರಿ. ಅದು ಕೂರಲಿಲ್ಲ. ಹೇಗೆ ಕೂರ್ತದೆ, ಬೆರಳು ಹೊರಗೆ ಬಗ್ಗಿದ್ದಾವೆ. ಭಟ್ರಿಗೆ ಗೊತ್ತಿಲ್ಲ, ಪಾಪ. "ಬಲಗೈ, ಬಲಗೈ" ಅಂತ ಮೈಕಿನಲ್ಲಿ ಹೇಳ್ತಾ ಇದ್ದರು. ಪಿನ್ ಬಿಟ್ಟಿತು. ಶಲ್ಯ ಜಾರಿ ಕುಂಕುಮದ ಬಟ್ಟಲ ಮೇಲೆ ಬಿತ್ತು. ನೀರು ನೆಲಕ್ಕೆ ಚೆಲ್ಲಿತು. ಎಲ್ಲರ ಎದುರಿಗೆ ಆ ಕೈ, ಹೆಬ್ಬೆರಳು ಆಚೆ... ಗಂಡಿನ ಕಡೆಯ ಒಂದು ಹೆಂಗಸು, "ಅವರಿಗೆ ಎರಡೂ ಎಡಗೈಯಾ?" ಅಂತ ಕೇಳಿದ್ದು ನನಗೇ ಕೇಳಿಸಿತು. ನಿಮಗೆ ಕೇಳಿಸದೆ ಇರ್ತದಾ.

ನೀವು ಗಿಂಡಿ ಕೆಳಗೆ ಇಟ್ಟಿರಿ. ಹಲ್ಲಿನಿಂದ ಬೆಲ್ಟ್ ಎಳೆದು ಬಿಚ್ಚಿದಿರಿ. ಕೈಯನ್ನು ತೆಗೆದು ಕುರ್ಚಿಯ ಮೇಲೆ ಇಟ್ಟಿರಿ, ಕನ್ನಡಕ ತೆಗೆದಿಟ್ಟ ಹಾಗೆ. ಆಮೇಲೆ ಎಡಗೈಯಲ್ಲೇ ಗಿಂಡಿ ಹಿಡಿದಿರಿ. ಮೋಹಿನಿ ಅಕ್ಕ ಅದರ ಅಡಿಗೆ ತಮ್ಮ ಬಲಗೈ ಕೊಟ್ಟರು. ನೀರು ಬಿತ್ತು.

ಬೀಗರು ಪಾಯಸ ಮುಟ್ಟದೆ ಎಲೆಯಿಂದ ಎದ್ದರಂತೆ. ಎಡಗೈಯಲ್ಲಿ ಕೊಟ್ಟ ಹೆಣ್ಣು ಅಂದರಂತೆ. ಹೌದಾ? ಮೋಕ್ಷಾ ಫೋನ್ ಮಾಡಿದ್ದಾಳಾ? ಏನಾದರೂ ಹೇಳಿದಳಾ?

...ಸರಿ. ಕೇಳಬಾರದಿತ್ತು.

ನಾನು ಹೋಗಿ ಅವರಿಗೆ ಹೇಳ್ತೇನೆ ಬೇಕಾದರೆ. ತಪ್ಪು ಇವರದ್ದಲ್ಲ, ಲ್ಯಾಬಿನದ್ದು ಅಂತ. ಬರೆದುಕೊಡ್ತೇನೆ. ಯಾರೋ ತೆಗೆದ ಧಾರೆಯ ವಿಡಿಯೋ ಮೊಬೈಲಿನಲ್ಲಿ ಎಲ್ಲ ಕಡೆ ಹೋಗಿದೆ. ನಮ್ಮ ಲ್ಯಾಬ್ ನಡೆಸುವ ಸರ್‌ಗೂ ಯಾರೋ ಕಳಿಸಿದ್ದಾರೆ. ನಿನ್ನೆ ಸಂಜೆಯೇ ನನಗೆ ಫೋನ್ ಬಂತು. ಅದಕ್ಕೇ... ಅದು ಕೂಡ ಹೇಳಬೇಕು. ಇವತ್ತು ಸಂಜೆ ಸರ್ ನಿಮಗೆ ಫೋನ್ ಮಾಡಬಹುದು. ಕ್ಷಮೆ ಕೇಳಲಿಕ್ಕೆ. ಆಗ, ಒಂದು ವೇಳೆ ಏನಾದರೂ ಕೇಳಿದರೆ... ಗುರುವಾರದ ವಿಷಯ ಏನಾದರೂ ಕೇಳಿದರೆ, ನೀವು ಅಂದು ಮಣಿಪಾಲಕ್ಕೆ ಬಂದದ್ದನ್ನು ಹೇಳಬೇಕು ಅಂತ ಇಲ್ಲ. ಬರೀ ಗೊಂದಲ ಆಗ್ತದೆ. ಅಷ್ಟೆ.

ಯಾಕೆ ನಿಂತುಬಿಟ್ಟಿರಿ?

ಗುರುವಾರ ನೀವು ಬಸ್ಸಿನಲ್ಲಿ ಬಂದಿರಿ, ತೊಡಿಸಿ ನೋಡಲಿಕ್ಕೆ. ನಾನು ಬಾಗಿಲಲ್ಲೇ, ಇನ್ನೂ ಒಣಗಿಲ್ಲ, ಭಾನುವಾರ ಹಾಲಿಗೇ ತರ್ತೇನೆ ಅಂದೆ. ನಿಜವಾಗಿ ಒಣಗಿರಲಿಲ್ಲ. ಸಿಲಿಕೋನ್ ಒಣಗಲಿಕ್ಕೆ... ತೇವ ಇರುವಾಗ... ಮಳೆ ಬೇರೆ...

ದೇವದಾಸಣ್ಣ, ಈ ಕಡೆ ನೋಡಿ. ಎಂತ ನೋಡ್ತಾ ಇದ್ದೀರಿ ಅಲ್ಲಿ?

ಶಲ್ಯವಾ.

ಹೌದು... ನಾನೇ ತಂದದ್ದು. ನಿಮ್ಮದು ಬರೀ ಹೆಗಲ ಮೇಲೆ ನಿಲ್ಲುವಷ್ಟು ಚಿಕ್ಕದು, ಇದು ಅಗಲದ್ದು. ಬೆರಳ ತುದಿಯವರೆಗೆ ಬರ್ತದೆ. ಪಿನ್ನೂ ತಂದಿದ್ದೆ, ಹೌದು. ಮದುವೆಗೆ ಉಡುಗೊರೆ ಅಂತ...

ಉಡುಗೊರೆಗೆ ಕಾಗದ ಸುತ್ತಿರಲಿಲ್ಲ. ಹೌದು.

ಬೈಯಿರಿ. ಆಗ ನಕ್ಕಿರಲ್ಲ, ಈಗ ನಗಿ ಬೇಕಾದರೆ.

...

ಶಲ್ಯ ಕೊಂಡದ್ದು ಶನಿವಾರ. ಉಡುಪಿಯಲ್ಲಿ, ರಥಬೀದಿಯ ಅಂಗಡಿಯಲ್ಲಿ. ಅಂಗಡಿಯವನು ಎಷ್ಟು ಉದ್ದ ಬೇಕು ಅಂತ ಕೇಳಿದ. ನಾನು ನನ್ನ ತೋಳು ಚಾಚಿ, ಬೆರಳು ಮುಚ್ಚುವಷ್ಟು ಅಂದೆ.

ಮಂಗಳವಾರ ನೋಡಿದೆ. ಅಚ್ಚು ಬಿಡಿಸಿದ ಕೂಡಲೇ ಉಜ್ವಲ್, "ಜೆನಿಟಾ, ಇದು ಯಾವ ಕೈ?" ಅಂತ ಕೇಳಿದ. ಅವನೇ ಕೇಳಿದ. ನಾನು, "ನೀನು ಬಣ್ಣ ನೋಡು" ಅಂದೆ. ಗುಂಡಿ ಒತ್ತಬೇಕಾದವಳು ನಾನು. ಅವನ ಕಂಪ್ಯೂಟರಿಗೆ ಹೋಗುವ ಮೊದಲು ಫೈಲು ಮುಗಿಸಿ ಕೊಡುವುದು ನನ್ನ ಕೆಲಸ. ನಾನೇ ಬರೆದ ನಿಯಮ ಅದು. ಅವನು ಹೊಯ್ಯುವುದು ಮಾತ್ರ.

ಮತ್ತೆ ಮಾಡಲಿಕ್ಕೆ ಸಮಯ ಇತ್ತು. ಭಾನುವಾರದವರೆಗೆ ಧಾರಾಳ ಇತ್ತು. ಆದರೆ ಬುಧವಾರ ಲ್ಯಾಬ್ ನೋಡಲಿಕ್ಕೆ ಹೊರಗಿನಿಂದ ದೊಡ್ಡವರು ಬರುವವರಿದ್ದರು. ನನ್ನ ಅಳತೆಯ ಕ್ರಮವನ್ನು ಅವರಿಗೆ ತೋರಿಸುವುದು ಅಂತ ಸರ್ ತಿಂಗಳಿನಿಂದ ಹೇಳಿದ್ದರು. ನಾನು ಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆ, ಪಕ್ಕದಲ್ಲಿ ನಿಮ್ಮ ಗಿಂಡಿಯ ಫೋಟೋ ಇಟ್ಟೆ, ಪ್ರಮೇಯ ಹೇಳಿದೆ. ಬರೀ ಕೈ ಒಂದೇ ಇಟ್ಟರೆ ಅದು ಯಾರ ಯಾವ ತೋಳಿಗೆ ಅಂತ ಯಾರೂ ಕೇಳುವುದಿಲ್ಲ ದೇವದಾಸಣ್ಣ. ಚೆನ್ನಾಗಿ ಉಂಟು ಅಂತಾರೆ. ಎಲ್ಲರೂ ಅಂದರು. ಸರ್ ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದರು. ಆಮೇಲೆ ಅದನ್ನು ಒಡೆದು ಮತ್ತೆ ಮಾಡಬೇಕು ಅಂತ ಹೇಳುವುದು ಹೇಗೆ? ಗುರುವಾರ ನೀವು ಬಂದಾಗ ಅದು ಒಣಗಿ, ಪೆಟ್ಟಿಗೆಯಲ್ಲಿ, ನನ್ನ ಮೇಜಿನ ಮೇಲೇ ಇತ್ತು. ಬಾಗಿಲಿನಿಂದ ಎರಡು ಹೆಜ್ಜೆ. ನೀವು, "ಅವಸರ ಇಲ್ಲ ಡಾಕ್ಟರಮ್ಮ, ಒಣಗಲಿ" ಅಂತ ಹೇಳಿ ವಾಪಸ್ ಬಸ್ ಹತ್ತಿದಿರಿ.

ಒಂದು ಹತ್ತು ನಿಮಿಷ ಅಲ್ವಾ ಧಾರೆ, ಶಲ್ಯ ಇದ್ದರೆ ಕಳೆದುಹೋಗ್ತದೆ, ಆಮೇಲೆ ಸದ್ದಿಲ್ಲದೆ ಬೇರೆ ಮಾಡಿ ಕೊಡ್ತೇನೆ, ಅಂತ ಲೆಕ್ಕ ಹಾಕಿದೆ. ಆ ಹತ್ತು ನಿಮಿಷಕ್ಕೇ ನಿಮಗೆ ಆ ಕೈ ಬೇಕಿದ್ದದ್ದು. ಅದು ಗೊತ್ತಿದ್ದೇ ಹಾಕಿದ ಲೆಕ್ಕ.

ನಿನ್ನೆ ಸಂಜೆ ಸರ್ ಕೇಳಿದಾಗ ಉಜ್ವಲ್ ಹೆಸರು ಹೇಳಿದೆ. ಕನ್ನಡಿ ಒತ್ತಲು ಮರೆತಿದ್ದಾನೆ ಅಂದೆ. ಇವತ್ತು ಬೆಳಿಗ್ಗೆ ಸರ್ ಅವನಿಗೆ ಇನ್ನು ಬರುವುದು ಬೇಡ ಅಂದಿದ್ದಾರೆ. ಅವನು ನನಗೆ ಫೋನ್ ಮಾಡಲಿಲ್ಲ. ಒಂದು ಮೆಸೇಜ್ ಕೂಡ ಇಲ್ಲ. ನಾನು ಇಲ್ಲಿಗೆ ಬಂದದ್ದು ಕ್ಷಮೆ ಕೇಳಲಿಕ್ಕೆ ಅಲ್ಲ. ಗುರುವಾರದ ವಿಷಯ ನೀವು ಸರ್‌ಗೆ ಹೇಳದ ಹಾಗೆ ಮಾಡಲಿಕ್ಕೆ. ಮತ್ತೆ ಆ ಕೈಯನ್ನು ಇಲ್ಲಿಂದ ತೆಗೆದುಕೊಂಡು ಹೋಗಲಿಕ್ಕೆ.

ಎಂತ ಮಾಡ್ತಾ ಇದ್ದೀರಿ? ಟಾರ್ಚ್ ಯಾಕೆ ತೆಗೆದಿರಿ? ಬೇಡ, ನನ್ನ ಮಡಿಲಲ್ಲಿ ಇಡಬೇಡಿ... ಇಡಿ. ಸರಿ, ಇಡಿ.

ಇದು... ನಿಮ್ಮ ಫೋನ್. ಯಾರಿಗೆ?

ನಾನಾ? ಈಗಲೇ?

ಸರ್‌ಗೆ ನಾನೇ ಹೇಳಬೇಕಾ ದೇವದಾಸಣ್ಣ? ಇಷ್ಟು ಅಂಕೆ ಒತ್ತಲಿಕ್ಕೆ ಆಗುವುದಿಲ್ಲ... ಬೇಡ, ನೀವು ಒತ್ತಬೇಡಿ. ನಾನೇ ಒತ್ತುತ್ತೇನೆ.

ರಿಂಗ್ ಆಗ್ತಾ ಉಂಟು.

ಸರ್? ಜೆನಿಟಾ. ಇಲ್ಲ, ದೇವದಾಸಣ್ಣನ ಫೋನಿನಿಂದ. ಕಾಪುವಿನಲ್ಲಿ, ಅವರ ಮನೆಯಲ್ಲಿ ಇದ್ದೇನೆ... ಇಲ್ಲ, ಅವರು ಕೋಪದಲ್ಲಿ ಏನೂ ಹೇಳಲಿಲ್ಲ. ನನ್ನ ಎದುರಿಗೇ ಕೂತಿದ್ದಾರೆ.

ಸರ್, ಕನ್ನಡಿ ಒತ್ತದೆ ಇದ್ದದ್ದು ಉಜ್ವಲ್ ಅಲ್ಲ. ನಾನು. ಮಂಗಳವಾರವೇ ನನಗೆ ಗೊತ್ತಿತ್ತು. ಬುಧವಾರ ತೋರಿಸುವಾಗಲೂ ಗೊತ್ತಿತ್ತು. ಹೌದು. ಹೌದು, ಆ ದೊಡ್ಡವರ ಎದುರಿಗೆ ನಿಂತು ಹೇಳುವಾಗಲೂ... ಉಜ್ವಲ್‌ನನ್ನು ವಾಪಸ್ ಕರೆಯಿರಿ ಸರ್. ಅವನು ಕೇಳಿದ್ದ. ನಾನು ಬಾಯಿ ಮುಚ್ಚಿಸಿದೆ.

ಸರ್? ಕೇಳಿಸ್ತಾ ಉಂಟಾ?

ಅಳತೆಯಾ? ಅಳತೆ ಸರಿಯೇ ಇತ್ತು ಸರ್. ಅದರಲ್ಲಿ ಸುಳ್ಳಿಲ್ಲ. ಎಲ್ಲ ಚುಕ್ಕೆ, ಎಲ್ಲ ದೂರ, ಅವರ ಎಡಗೈ ಪಕ್ಕದಲ್ಲಿ ಇಟ್ಟು ನಾನೇ ನೋಡಿದ್ದೇನೆ. ಈಗಲೂ ಇಲ್ಲಿ, ನನ್ನ ಮಡಿಲಲ್ಲೇ ಉಂಟು.

ವ್ಯತ್ಯಾಸ ಸೊನ್ನೆ.